ಕರಡಿ ಹಿಡಿದವರು

ಅವರು ತೀರಿಕೊಂಡರೆಂದು ಶಾಲೆಯ ಜವಾನ ಬಂದು ಹೇಳಿದಾಗ ನಾನು ಹುಡುಗರಿಗೆ ಭೂಗೋಳ ಹೇಳಿಕೊಡುತ್ತಿದ್ದೆ. ದುಃಖವಾಗಲಿಲ್ಲ. ಸಿಟ್ಟು ಬಂತು. ಜಗಳ ಮುಗಿಯುವ ಮೊದಲೇ ಎದ್ದು ಹೋದವರ ಮೇಲೆ ಬರುತ್ತದಲ್ಲ, ಅಂಥ ಸಿಟ್ಟು. ಅಂದಿನಿಂದ ಮಧುಗಿರಿಯಲ್ಲಿ ಯಾರ ಬಾಯಲ್ಲಿ ನೋಡಿದರೂ ಅವರ ಹೊಗಳಿಕೆಯೇ. ನಮ್ಮೂರ ಹೆಸರನ್ನು ಬೆಂಗಳೂರಿನ ದೊರೆಗಳವರೆಗೆ ಕೊಂಡೊಯ್ದವರಂತೆ. ಕರಡಿಯ ಎದುರು ಒಂಟಿಯಾಗಿ ನಿಂತು ಫೋಟೋ ಹಿಡಿದವರಂತೆ.

ಒಂಟಿಯಾಗಿ ಅಲ್ಲ. ನಾನಿದ್ದೆ. ಹುಲಿಕುಂಟೆ ಕಡೆಯ ಗೊಲ್ಲರ ಹಟ್ಟಿಯ ಜುಂಜಣ್ಣ ಇದ್ದ. ಅವನ ಅಕ್ಕ ಕರಿಯಮ್ಮ ಇದ್ದಳು. ಹಟ್ಟಿಯ ಮುಕ್ಕಾಲು ಜನ ತಮಟೆ ತಗಡು ಹಿಡಿದು ಬೆಟ್ಟದ ಹಿಂದೆ ನಿಂತಿದ್ದರು. ಈ ಊರಿನವರಿಗೆ ಆ ದಿನದ ಬಗ್ಗೆ ಗೊತ್ತಿರುವುದು ಎರಡೇ ಸಂಗತಿ: ಒಬ್ಬ ಧೀರ ಕರಡಿಯ ಪಟ ಹಿಡಿದ, ಒಬ್ಬ ಪೆದ್ದ ಆ ಕರಡಿಗೆ ಹಗ್ಗ ಕಟ್ಟಲು ಹೋಗಿ ಮುಖ ಕಳೆದುಕೊಂಡ. ಧೀರರು ಹೇಗೋ ಹೋಗಲಿ. ಆ ಪೆದ್ದ ಎನ್ನುವ ಮಾತನ್ನು ಜುಂಜಣ್ಣನ ಮೇಲಿನಿಂದ ತೆಗೆಯಬೇಕು. ಅವನು ಬದುಕಿದ್ದಾನೆ, ಆದರೆ ಅವನ ಬಾಯಿ ಹೇಳುವ ಸ್ಥಿತಿಯಲ್ಲಿಲ್ಲ.

ಬರೆಯುವಾಗಲೂ ಅವರಿಗೆ ಬಹುವಚನ ಬಿಡಲು ನನಗೆ ಕೈ ಬರುವುದಿಲ್ಲ. ಇದೂ ನನ್ನ ಸಿಟ್ಟಿಗೆ ಒಂದು ಕಾರಣ.

ಅವರ ಮನೆಯವರು ಬಟ್ಟೆ ವ್ಯಾಪಾರದವರು. ಹಿರಿಯರ ಕಾಲದಿಂದ ಕೋಟೆಯ ಕೆಳಗಿನ ಬೀದಿಯಲ್ಲಿ ಅಂಗಡಿ. ಇವರೊಬ್ಬರು ಮಾತ್ರ ಗಜಕಡ್ಡಿ ಬಿಟ್ಟು ಕ್ಯಾಮೆರಾ ಹಿಡಿದರು. ಅಂಗಡಿಯ ಹಿಂದಿನ ಅಂಕಣಕ್ಕೆ ಗಾಜಿನ ಹೆಂಚು ಹಾಕಿಸಿ ಸ್ಟುಡಿಯೋ ಮಾಡಿದರು. ತೆಳ್ಳಗೆ, ಎತ್ತರವಾಗಿದ್ದರು. ಹಣೆಯ ಮೇಲೆ ಮೂರು ಬೆರಳಿನ ವಿಭೂತಿ ಬೆಳ್ಳಗೆ ಹೊಳೆಯುತ್ತಿತ್ತು. ಅದನ್ನು ಬಳಿದ ಬೆರಳುಗಳ ತುದಿ ಮಾತ್ರ ಪಟ ತೊಳೆಯುವ ಔಷಧದ ನೀರಿನಲ್ಲಿ ನೆನೆದು ಇದ್ದಿಲಿನ ಹಾಗೆ ಕಪ್ಪು. ಯಾರ ಜೊತೆ ಮಾತನಾಡುವಾಗಲೂ ಎಡಗಣ್ಣು ಸ್ವಲ್ಪ ಕಿರಿದು ಮಾಡುತ್ತಿದ್ದರು. ನೀವು ಹೇಳುವುದನ್ನು ಕೇಳುತ್ತಿದ್ದಾರೆಂದು ನೀವು ತಿಳಿಯುತ್ತಿದ್ದಿರಿ. ಅವರು ನಿಮ್ಮ ಮೂಗಿನ ಮೇಲೆ ಬಿದ್ದ ಬೆಳಕನ್ನು ನೋಡುತ್ತಿರುತ್ತಿದ್ದರು.

ಸ್ಟುಡಿಯೋದಲ್ಲಿ ಒಂದು ಪರದೆ ಇತ್ತು. ಅದರ ಮೇಲೆ ನೀಲಿ ಸರೋವರ, ಅಮೃತಶಿಲೆಯ ಮೆಟ್ಟಿಲು, ಎರಡು ಹಂಸ. ಇಡೀ ಮಧುಗಿರಿ ಸೀಮೆಯಲ್ಲಿ ಯಾರೂ ಕಾಣದ ಹಂಸಗಳು. ಪಾವಗಡದಿಂದ ಬಂದ ಕಡಲೆಕಾಯಿ ವ್ಯಾಪಾರಿ, ಕೊರಟಗೆರೆಯಿಂದ ಬಂದ ಶಾನುಭೋಗ, ಎಲ್ಲರಿಗೂ ಆ ಹಂಸಗಳ ಮುಂದೆಯೇ ನಿಲ್ಲಬೇಕೆಂಬ ಆಸೆ. ಪಟ ಹಿಡಿಯುವ ಇವರಿಗೆ ಮಾತ್ರ ಅದನ್ನು ಕಂಡರೆ ಮೈ ಉರಿಯುತ್ತಿತ್ತು.

"ನೋಡಿ ಮೇಷ್ಟ್ರೇ, ಬಾಗಿಲು ತೆಗೆದರೆ ಹೊರಗೆ ಅಂಥಾ ಬೆಟ್ಟ ನಿಂತಿದೆ. ಒಂದೇ ಕಲ್ಲು, ಆಕಾಶಕ್ಕೆ ಹೋಗಿದೆ. ಇವರಿಗೆ ಅದು ಬೇಡ, ಬಟ್ಟೆ ಹಂಸ ಬೇಕು. ಹಂಸಕ್ಕೂ ಕೊಕ್ಕರೆಗೂ ಹುಟ್ಟಿದೋರು!" ಎಂದು ಗಿರಾಕಿ ಇನ್ನೂ ಮೆಟ್ಟಿಲು ಇಳಿಯುತ್ತಿರುವಾಗಲೇ ಬಯ್ಯುತ್ತಿದ್ದರು.

ನಮ್ಮ ಕಡೆ ಜನ ಪಟ ತೆಗೆಸಿದೆ ಅನ್ನುತ್ತಾರೆ, ತೆಗೆದರು ಅನ್ನುತ್ತಾರೆ. ಅವರು ಎಂದೂ ಹಾಗೆ ಹೇಳಲಿಲ್ಲ. "ಹಿಡಿಯೋದು" ಅನ್ನುತ್ತಿದ್ದರು. "ತೆಗೆಯೋದೇನು? ಹಲ್ಲು ತೆಗೀತಾರೆ, ಜೀವ ತೆಗೀತಾರೆ. ನಾನು ಹಿಡಿಯೋನು," ಎಂದು ನಗುತ್ತಿದ್ದರು. ಒಮ್ಮೆ ಕೊರಟಗೆರೆಯಿಂದ ಬರುವ ಸರ್ವಿಸ್ ಬಸ್ಸಿನಲ್ಲಿ ಯಾರೋ ಎಲ್ಲಿಂದ ಬಂದಿರೆಂದು ಕೇಳಿದ್ದಕ್ಕೆ, "ಹೊಳವನಹಳ್ಳಿ ಕಡೆ ಹೋಗಿದ್ದೆ, ಒಂದು ಮದುಮಗಳನ್ನ ಹಿಡಕೊಂಡು ಬಂದೆ" ಎಂದುಬಿಟ್ಟರು. ಪಕ್ಕದ ಮುದುಕ ಜಾಗ ಬದಲಾಯಿಸಿದ. ಈ ಕಥೆಯನ್ನು ಅವರೇ ನೂರು ಸಲ ಹೇಳಿ ನಗಿಸಿದ್ದಾರೆ. ನಾನೂ ನಕ್ಕಿದ್ದೇನೆ.

ಒಳ್ಳೆಯದೂ ಇತ್ತು. ಹೇಳದಿದ್ದರೆ ನಾನು ಸುಳ್ಳನಾಗುತ್ತೇನೆ. ನಮ್ಮ ತಾಯಿ ಹಾಸಿಗೆ ಹಿಡಿದಾಗ ಅವರು ಕರೆಯದೆ ಮನೆಗೆ ಬಂದರು. ಅಮ್ಮನಿಗೆ ಪಟವೆಂದರೆ ಹೆದರಿಕೆ, ಆಯುಸ್ಸು ಕಡಿಮೆಯಾಗುತ್ತದೆ ಎಂಬ ನಂಬಿಕೆ. ಇವರು ಕ್ಯಾಮೆರಾ ಹೊರಗೆ ಜಗಲಿಯಲ್ಲಿಟ್ಟು, ಒಳಗೆ ಬಂದು ಕೂತು, ಒಂದು ಬೆಳಿಗ್ಗೆಯೆಲ್ಲ ಅಮ್ಮನ ಜೊತೆ ಗೊಜ್ಜಿನ ಮಾತಾಡಿದರು. ಹುಣಿಸೆ ಹಣ್ಣು ಹಳೆಯದೋ ಹೊಸದೋ ಎಂದು ಕೇಳಿದರು. ಅಮ್ಮ ನಗುವ ಹೊತ್ತಿಗೆ ಕ್ಯಾಮೆರಾ ಒಳಗೆ ಬಂದಿತ್ತು. ಹೇಗೆ ಬಂತೋ ನನಗೆ ಗೊತ್ತಾಗಲಿಲ್ಲ. ಇವತ್ತು ನನ್ನ ತಾಯಿಯ ಮುಖ ನನಗೆ ಉಳಿದಿದ್ದರೆ ಅದು ಅವರಿಂದ. ಅದನ್ನು ಗೋಡೆಯಿಂದ ಇಳಿಸಬೇಕೆಂದು ಎಷ್ಟೋ ಸಲ ಕೈ ಎತ್ತಿದ್ದೇನೆ. ಇಳಿಸಲಾಗುವುದಿಲ್ಲ.

ಸ್ಟುಡಿಯೋದ ಕೆಲಸ ಹೊಟ್ಟೆಗೆ. ಮನಸ್ಸಿದ್ದದ್ದು ಹೊರಗೆ. ವಾರಕ್ಕೊಮ್ಮೆಯಾದರೂ ಮೂರು ಕಾಲಿನ ಸ್ಟ್ಯಾಂಡು, ಮರದ ಕ್ಯಾಮೆರಾ, ಗಾಜಿನ ಪ್ಲೇಟುಗಳ ಪೆಟ್ಟಿಗೆ ಎಲ್ಲ ಗಾಡಿಗೆ ಹೇರಿ ಹೊರಟುಬಿಡುತ್ತಿದ್ದರು. ಕೆಲವು ಸಲ ನಾನೂ ಜೊತೆಗೆ. ಮೈಸೂರಿನಲ್ಲಿ ಓದಿ ಬಂದ ನನಗೆ ನಮ್ಮ ಸೀಮೆ ಎಂದರೆ ಬರೀ ಕಲ್ಲು, ಬಿಸಿಲು. ಕಳ್ಳಂಬೆಳ್ಳದ ಕೆರೆಯ ಏರಿಯ ಮೇಲೆ ಅವರ ಪಕ್ಕದಲ್ಲಿ ಕೂತ ಮೇಲೆ ಅದು ಬದಲಾಯಿತು. ಗುಲಾಬಿ ಬಾಲದ ಕೊಕ್ಕರೆಗಳು ನೀರಿನಲ್ಲಿ ಸಾಲಾಗಿ ನಿಂತಿದ್ದವು. ಪ್ರತಿಯೊಂದರ ಕೆಳಗೂ ಇನ್ನೊಂದು ಕೊಕ್ಕರೆ ತಲೆಕೆಳಗಾಗಿ ನಿಂತಿತ್ತು. ಅವರು ಕಪ್ಪು ಬಟ್ಟೆಯೊಳಗೆ ತಲೆ ತೂರಿಸಿ ನಿಂತವರು ಬಿಸಿಲು ನೆತ್ತಿಗೆ ಬರುವವರೆಗೆ ಹೊರಗೆ ಬರಲಿಲ್ಲ. ಗಾಳಿ ನಿಲ್ಲಬೇಕಿತ್ತಂತೆ. ಇನ್ನೊಂದು ಸಲ ಮೈದಾನದಲ್ಲಿ ಜಿಂಕೆಗಳ ಹಿಂಡು ಧೂಳೆಬ್ಬಿಸಿ ಓಡಿತು. ಧೂಳಿನ ಮೇಲೆ ಬರೀ ಕೊಂಬುಗಳು ತೇಲುವ ಹಾಗೆ ಒಂದು ಪಟ ಬಂತು. ನಾನು ಎಷ್ಟು ಹೊತ್ತು ನೋಡಿದೆನೋ.

ಅವರಿಗೊಂದು ನೇಮವಿತ್ತು. ಸತ್ತ ಪ್ರಾಣಿಯ ಪಟ ಹಿಡಿಯುತ್ತಿರಲಿಲ್ಲ. ಶಿಕಾರಿಗೆ ಬಂದ ದೊಡ್ಡ ಅಧಿಕಾರಿಯೊಬ್ಬರು ಚಿರತೆ ಹೊಡೆದು, ಅದರ ತಲೆಯ ಮೇಲೆ ಬೂಟುಕಾಲಿಟ್ಟು ನಿಂತು ಇವರಿಗೆ ಹೇಳಿಕಳಿಸಿದರು. ಹೋಗಲಿಲ್ಲ. "ಸತ್ತದ್ದು ಎಲ್ಲಿಗೂ ಓಡಿ ಹೋಗೋದಿಲ್ಲ. ಅದನ್ನ ಹಿಡಿಯೋಕೆ ನಾನ್ಯಾಕೆ?" ಎಂದರು. ಆ ಮಾತಿಗಾಗಿ ನಾನು ಅವರನ್ನು ತುಂಬ ಗೌರವಿಸಿದೆ. ಜೀವದ ಬಗ್ಗೆ ಇಷ್ಟು ಮರ್ಯಾದೆ ಇರುವವರು ಎಂದುಕೊಂಡೆ. ಜೀವಕ್ಕಲ್ಲ, ಓಟಕ್ಕೆ ಆ ಮರ್ಯಾದೆ ಎಂದು ತಿಳಿಯಲು ಜುಂಜಣ್ಣನ ಮುಖ ಹೋಗಬೇಕಾಯಿತು.

ಬೆಂಗಳೂರಿನ ದಂಡಿನ ಕಡೆ ಒಂದು ಕ್ಲಬ್ಬಿನವರು ಆಗ ಫೋಟೋ ಪಂದ್ಯ ನಡೆಸುತ್ತಿದ್ದರು. ಬೆಟ್ಟ, ಕಾಡು, ಮೃಗ, ಪಕ್ಷಿ, ಇಷ್ಟೇ ವಿಷಯ, ಮನುಷ್ಯರು ಬರಕೂಡದು. ಕೊಕ್ಕರೆಗಳನ್ನು ಕಳಿಸಿದರು. ಬಹುಮಾನ ಬರಲಿಲ್ಲ. ಜಿಂಕೆಗಳನ್ನು ಕಳಿಸಿದರು. ಬರಲಿಲ್ಲ. ತೀರ್ಪುಗಾರರಲ್ಲಿ ಒಬ್ಬರು, ಪಟಗಳು ಅಂದವಾಗಿವೆ, ಆದರೆ ನೋಡಿದರೆ ಎದೆ ಝಲ್ಲೆನ್ನುವುದಿಲ್ಲ ಅಂದರಂತೆ. ಆ ಮಾತು ಅವರನ್ನು ಜ್ವರದ ಹಾಗೆ ಹಿಡಿಯಿತು. "ಝಲ್ ಅನ್ನಬೇಕಂತೆ ಮೇಷ್ಟ್ರೇ. ಅನ್ನಿಸ್ತೀನಿ," ಎಂದು ಕತ್ತಲೆ ಕೋಣೆಯೊಳಗಿನಿಂದಲೂ ಹೇಳುತ್ತಿದ್ದರು.

ಹುಲಿಕುಂಟೆ ಕಡೆಯ ಬೆಟ್ಟದಲ್ಲಿ ಒಂದು ಕರಡಿ ಸೇರಿಕೊಂಡಿದೆ ಎಂಬ ಸುದ್ದಿ ಬಂದದ್ದು ಆಗ. ಸೀತಾಫಲದ ಕಾಲ. ಹಣ್ಣು ಕೀಳಲು ಹೋದ ಹೆಂಗಸರನ್ನು ಅದು ಎರಡು ಮೂರು ಸಲ ಅಟ್ಟಿಸಿಕೊಂಡು ಬಂದಿತ್ತು. ಹಟ್ಟಿಯವರು ಕುರಿಗಳನ್ನು ಆ ಮಗ್ಗುಲಿಗೆ ಬಿಡುವುದನ್ನೇ ನಿಲ್ಲಿಸಿದ್ದರು. ಕ್ಯಾಮೆರಾ ಹೇರಿಕೊಂಡು ಅವರು ನನಗಿಂತ ಒಂದು ದಿನ ಮೊದಲೇ ಹೋಗಿ ಹಟ್ಟಿಯಲ್ಲಿ ಉಳಿದರು. ಮಾರನೆಯ ದಿನ ಶಾಲೆಗೆ ರಜ ಇದ್ದದ್ದರಿಂದ ನಾನು ಬೆಳಿಗ್ಗೆ ಬರುತ್ತೇನೆಂದು ಹೇಳಿದ್ದೆ. ಆ ಸಂಜೆ ಹಟ್ಟಿಯಲ್ಲಿ ನಡೆದ ಮಾತನ್ನು ನಾನು ಕೇಳಿಲ್ಲ. ಆಮೇಲೆ ಆಸ್ಪತ್ರೆಯ ಜಗಲಿಯಲ್ಲಿ ಕೂತು ಕರಿಯಮ್ಮ ಹೇಳಿದಳು, ಮತ್ತೆ ಮತ್ತೆ ಹೇಳಿದಳು. ಅವಳು ಹೇಳಿದ್ದನ್ನು ಹಾಗೆಯೇ ಬರೆಯುತ್ತೇನೆ.

"ಏನ್ ಸ್ವಾಮಿ ಬಂದಿದ್ದು?" ಎಂದು ಕೇಳಿದ್ದಾಳೆ.

"ನಿಮ್ಮ ಕರಡೀನ ಹಿಡಿಯೋಕೆ ಬಂದಿದೀನಮ್ಮ."

"ಅಯ್ಯೋ, ನಿಮ್ ಒಬ್ರ ಕೈಲಿ ಆಯ್ತದಾ?"

"ನೀವೆಲ್ಲ ಹಿಂದಿನಿಂದ ತಮಟೆ ಬಡಿದು ಈ ಕಡೆಗೆ ಅಟ್ಟಿದರೆ ಆಗುತ್ತೆ."

"ಅದ್ಯಾವುದು, ಮೂರ್ ಕಾಲಿಂದು?"

"ಅದರಲ್ಲೇ ಹಿಡಿಯೋದು."

ಜುಂಜಣ್ಣ ಕಪ್ಪು ಬಟ್ಟೆಯನ್ನು ಮುಟ್ಟಿ ನೋಡಿ, "ಈ ಬಟ್ಟೆ ಅದ್ರ ತಲೆ ಮ್ಯಾಲ್ ಹಾಕಾಕ ಸ್ವಾಮಿ?" ಎಂದಿದ್ದಾನೆ. ಅವರು ನಕ್ಕು, "ನನ್ನ ತಲೆ ಮೇಲೆ ಹಾಕ್ಕೊಳ್ಳೋಕೆ" ಎಂದಿದ್ದಾರೆ. ಕರಡಿಗೆ ಮನುಷ್ಯನ ಮುಖ ಕಾಣಬಾರದೆಂದು ಇರಬೇಕು ಎಂದು ಹಟ್ಟಿಯವರು ತಮ್ಮಲ್ಲೇ ತೀರ್ಮಾನಿಸಿಕೊಂಡರು.

"ಹಿಡಿದು ಎಲ್ಲಿಗ್ ತಗಂಡೋಯ್ತೀರಾ?"

"ಬೆಂಗಳೂರಿಗೆ."

"ಅಲ್ಲೇನ್ ಮಾಡ್ತಾರೆ?"

"ದೊಡ್ಡ ಮನೇಲಿ ಇಟ್ಟಿರ್ತಾರೆ. ಸಾಹೇಬರುಗಳು ಬಂದು ನೋಡ್ತಾರೆ."

"ನಂ ಬೆಟ್ಟುಕ್ ಮತ್ತೆ ಬರಾಕಿಲ್ವಲ್ಲ?"

ಈ ಪ್ರಶ್ನೆಗೆ ಅವರು ಏನು ಹೇಳಿದರು ಎಂದು ನಾನು ಕರಿಯಮ್ಮನನ್ನು ಬಿಡದೆ ಕೇಳಿದೆ. "ಏನೂ ಯೋಳಲಿಲ್ಲ ಸ್ವಾಮಿ. ನಗಾಡಿದ್ರು. ಅವ್ರು ನಗಾಡಿದ್ಮ್ಯಾಲೆ ನಾವೂ ನಗಾಡಿದ್ವಿ," ಎಂದಳು.

ಇದನ್ನು ಓದಿ ಯಾರಾದರೂ, ಕರಡಿ ಹಿಡಿಯುವುದೆಂದರೇನೆಂದು ಅಷ್ಟೂ ತಿಳಿಯದ ಜನವೇ ಎನ್ನಬಹುದು. ತಿಳಿದಿದ್ದರಿಂದಲೇ ಹಟ್ಟಿಯವರು ಮೋಸಹೋದದ್ದು. ಸಿರಾ ಸಂತೆಯಲ್ಲಿ ಕರಡಿ ಆಡಿಸುವವರನ್ನು ಅವರು ಚಿಕ್ಕಂದಿನಿಂದ ಕಂಡವರು. ಮೂಗಿಗೆ ಹಗ್ಗ ಪೋಣಿಸಿದ ಕರಡಿ ಕುಣಿಯುತ್ತದೆ, ಕೈ ಮುಗಿಯುತ್ತದೆ, ಮಕ್ಕಳನ್ನು ಬೆನ್ನ ಮೇಲೆ ಕೂರಿಸಿಕೊಳ್ಳುತ್ತದೆ. ಆ ಕರಡಿಗಳನ್ನು ಯಾರೋ ಒಬ್ಬರು ಬೆಟ್ಟದಲ್ಲಿ ಹಿಡಿದೇ ತಂದಿರಬೇಕಲ್ಲವೇ? ಹಾಗೆ ಹಿಡಿಯುವವರೊಬ್ಬರು, ವಿಭೂತಿ ಹಚ್ಚಿದ ದೊಡ್ಡ ಮನುಷ್ಯರು, ತಾವಾಗಿ ಹಟ್ಟಿಗೆ ಬಂದಿದ್ದಾರೆ. ಹಿಡಿದ ಕರಡಿಗೆ ಹಗ್ಗ ಬೇಡವೇ? ಜುಂಜಣ್ಣ ಆ ಸಂಜೆ ಕೂತು ಹೊಸ ಕತ್ತಾಳೆ ನಾರಿನ ಹಗ್ಗ ಹೊಸೆದ.

ಬೆಳಿಗ್ಗೆ ನಾನು ಸೈಕಲ್ಲಿನಲ್ಲಿ ಬಂದಾಗ ಅವರು ಬಹಳ ಹುರುಪಿನಲ್ಲಿದ್ದರು. "ಎಂಥಾ ಜನ ಮೇಷ್ಟ್ರೇ! ಕರಡಿ ಅಟ್ಟೋಕೆ ಹಟ್ಟಿಗೆ ಹಟ್ಟೀನೇ ಎದ್ದು ನಿಂತಿದೆ. ಕೂಲಿ ಬೇಡ ಅಂದರು," ಎಂದರು. ಪಟದ ಮೇಲೆ ಹಟ್ಟಿಯವರಿಗೇಕೆ ಇಷ್ಟು ಪ್ರೀತಿ ಎಂದು ನನಗೆ ಆಶ್ಚರ್ಯವಾಯಿತು. ಕೇಳುವಷ್ಟರಲ್ಲಿ ಅವರು ಬಂಡೆ ಹತ್ತಿಬಿಟ್ಟಿದ್ದರು.

ಮುಂದಿನದನ್ನು ನಾನು ನೆನೆಸಿಕೊಳ್ಳಬೇಕಾಗಿಲ್ಲ, ಅದೇ ಬರುತ್ತದೆ. ಹಲಗೆಯ ಮೇಲೆ ಸೀಮೆಸುಣ್ಣ ಕಿರ್ರೆಂದರೆ ಸಾಕು, ಬಂಡೆಯ ಮೇಲೆ ಉಗುರು ಎಳೆದ ಸದ್ದು ಕೇಳುತ್ತದೆ. ಹುಡುಗರು ಆಟದಲ್ಲಿ ಗೆದ್ದು ಹೋ ಎಂದು ಕೂಗಿದರೆ ಬೆವರುತ್ತೇನೆ. ಮಾತಿನ ನಡುವೆ ನಿಂತುಬಿಡುತ್ತೇನೆ. ಮೇಷ್ಟ್ರಿಗೆ ಏನೋ ಆಗಿದೆ ಎಂದು ಹುಡುಗರು ಪಿಸುಗುಡುವುದು ನನಗೆ ಗೊತ್ತು.

ನಾವಿಬ್ಬರು ಒಂದು ಚಪ್ಪಟೆ ಬಂಡೆಯ ಮೇಲೆ, ಕ್ಯಾಮೆರಾದ ಹಿಂದೆ. ಎದುರಿಗೆ ಒಂದು ಹಳ್ಳದಷ್ಟು ಅಗಲದ ತಗ್ಗು, ಅದರಾಚೆ ಕರಡಿಯ ಗವಿಯ ಬಾಯಿ. ಬಲಗಡೆ ಎತ್ತರದ ಗುಂಡುಕಲ್ಲಿನ ಮೇಲೆ ಜುಂಜಣ್ಣ ಮತ್ತು ಕರಿಯಮ್ಮ. ಅಲ್ಲಿಗೆ ಕರಡಿ ಸುಲಭವಾಗಿ ಹತ್ತಲಾರದು. ಬೆಟ್ಟದ ಹಿಂದೆ ತಮಟೆ ಶುರುವಾಯಿತು. ಸದ್ದು ಹತ್ತಿರ ಹತ್ತಿರ ಬಂತು. ಅವರು ಕಪ್ಪು ಬಟ್ಟೆ ಸರಿಸಿ, ಕ್ಯಾಮೆರಾದ ಕಣ್ಣು ತೆರೆಯುವ ರಬ್ಬರಿನ ಗುಂಡನ್ನು ಕೈಯಲ್ಲಿ ಹಿಡಿದು, ಸ್ಟುಡಿಯೋದಲ್ಲಿ ಗಿರಾಕಿಗಳಿಗೆ ಹೇಳುವಂತೆಯೇ ಮೆಲ್ಲಗೆ, "ಬಾ ತಾಯಿ, ಬಾ, ಮುಖ ಎತ್ತು," ಎನ್ನುತ್ತಿದ್ದರು.

ಕರಡಿ ಬಂತು. ಗವಿಯ ಮೇಲಿನ ಬಂಡೆಯ ಅಂಚಿಗೆ ಬಂದು, ತಮಟೆಯ ಕಡೆ ಒಮ್ಮೆ, ನಮ್ಮ ಕಡೆ ಒಮ್ಮೆ ನೋಡಿ, ಹಿಂಗಾಲ ಮೇಲೆ ಎದ್ದು ನಿಂತಿತು. ಬೆನ್ನ ಹಿಂದೆ ಬೆಳಗಿನ ಸೂರ್ಯ. ಒಂದೊಂದು ಕೂದಲಿನ ತುದಿಯಲ್ಲೂ ಬೆಳಕು. ಎದೆಯ ಮೇಲಿನ ಬಿಳಿ ಪಟ್ಟಿ, ಕೆಳಗೆ ಗಾಳಿಗೆ ಬಾಗಿದ ಹುಲ್ಲು, ಹಿಂದೆ ದೂರಕ್ಕೆ ಹೋದ ಕಲ್ಲುಬೆಟ್ಟಗಳ ಸಾಲು. ಅವರು ರಬ್ಬರಿನ ಗುಂಡು ಹಿಸುಕಿದರು. ಟಿಕ್ ಎಂದಿತು. ಅಷ್ಟೇ.

ಸುಮ್ಮನಿರಬಹುದಿತ್ತು. ಪಟ ಸಿಕ್ಕಿತ್ತು. ಆದರೆ ಎರಡೂ ಕೈ ಮೇಲೆತ್ತಿ, ಬೆಟ್ಟವೆಲ್ಲ ಮೊಳಗುವಂತೆ ಕೂಗಿದರು: "ಹಿಡಿದೆ! ಹಿಡಿದುಬಿಟ್ಟೆ!"

ತಮಟೆ ನಿಂತಿತು. ಬೆಟ್ಟದ ಹಿಂದಿನಿಂದ ಹೋ ಎಂಬ ಕೂಗೆದ್ದಿತು. ಕರಡಿಯನ್ನು ಮುಂದೆ ಅಟ್ಟುತ್ತಿದ್ದದ್ದು ಆ ತಮಟೆಯೊಂದೇ. ಅದು ನಿಂತದ್ದೇ ಕರಡಿ ಓಡಿಹೋಗದೆ ಕೆಳಗಿಳಿದು ತಗ್ಗಿನ ಕಲ್ಲುಗಳ ನಡುವೆ ಮರೆಯಾಯಿತು. ಆಗ ನಾನು ಬಲಗಡೆ ನೋಡಿದೆ. ಜುಂಜಣ್ಣ ಹಗ್ಗವನ್ನು ಹೆಗಲಿಗೆ ಹಾಕಿಕೊಂಡು, ನಗುತ್ತ, ಗುಂಡುಕಲ್ಲಿನಿಂದ ಇಳಿದು ಬರುತ್ತಿದ್ದ. ಹಿಡಿದ ಕರಡಿಯನ್ನು ಕಟ್ಟಲು ಬರುತ್ತಿದ್ದ. ಬೆನ್ನಿಗೇ ಕರಿಯಮ್ಮ.

ನನಗೆ ಎಲ್ಲವೂ ಅರ್ಥವಾದದ್ದು ಆ ಹಗ್ಗ ಕಂಡಾಗ. "ಬರಬೇಡ! ಜುಂಜಣ್ಣ, ಹತ್ತು, ಮೇಲೆ ಹತ್ತು!" ಎಂದು ಗಂಟಲು ಹರಿಯುವಂತೆ ಕಿರುಚಿದೆ. ಆ ಹೋ ಎಂಬ ಗದ್ದಲದಲ್ಲಿ ನನ್ನ ದನಿ ಎಲ್ಲಿ ಕೇಳಬೇಕು? ಅವನು ನನ್ನ ಕಡೆಗೆ ಕೈ ಬೀಸಿದ. ಬಂದೆ ಬಂದೆ ಎನ್ನುವ ಹಾಗೆ. ಕಲ್ಲಿನ ಈ ಕಡೆ ಅವನು, ಆ ಕಡೆ ಕರಡಿ. ಎರಡನ್ನೂ ನೋಡುತ್ತಿದ್ದವನು ನಾನೊಬ್ಬ. ಈಗಲೂ ನೋಡುತ್ತಲೇ ಇದ್ದೇನೆ. ಅವನು ಕಲ್ಲನ್ನು ಬಳಸಿ ಬಂದ. ಕರಡಿ ಎದ್ದಿತು. ಅದರ ಪಂಜ ಒಂದು ಸಲ ಅವನ ಮುಖದ ಮೇಲಿನಿಂದ ಕೆಳಗೆ ಬಂತು.

ಕರಿಯಮ್ಮ ಓಡಿಹೋಗಲಿಲ್ಲ. ಕೈಯಲ್ಲಿದ್ದ ಕುರಿ ಕಾಯುವ ಕೋಲಿನಿಂದ ಕರಡಿಯ ಮೂತಿಗೆ ಹೊಡೆದಳು. "ಬುಡು! ಬುಡೇ ನಿನ್ ವಂಸ ಹಾಳಾಗ! ಬುಡು ನನ್ ತಮ್ಮುನ್ನ!" ಎಂದು ಹೊಡೆದಳು. ನಾನು ತಗ್ಗಿಗೆ ಹಾರಿ ಸಿಕ್ಕ ಕಲ್ಲುಗಳನ್ನೆಲ್ಲ ಎಸೆದೆ. ಕರಡಿ ಅವನನ್ನು ಬಿಟ್ಟು ಪೊದೆಗೆ ನುಗ್ಗಿತು. ಜುಂಜಣ್ಣನ ಒಂದು ಕಣ್ಣು, ಒಂದು ಕೆನ್ನೆ, ದವಡೆ ಇರಲಿಲ್ಲ. ಇದಕ್ಕಿಂತ ಹೆಚ್ಚು ಬರೆಯಲಾರೆ.

"ಆ ಬಟ್ಟೆ ಕೊಡಿ! ಕಪ್ಪು ಬಟ್ಟೆ ಎಸೀರಿ ಇಲ್ಲಿ!" ಎಂದು ಮೇಲಕ್ಕೆ ಕೂಗಿದೆ. ರಕ್ತಕ್ಕೆ ಏನಾದರೂ ಒತ್ತಿ ಹಿಡಿಯಬೇಕಿತ್ತು. ಅವರು ಆ ಬಟ್ಟೆಯನ್ನು ಪ್ಲೇಟಿಗೆ ಸುತ್ತಿ ಎದೆಗೆ ಅವಚಿಕೊಂಡು ನಿಂತಿದ್ದರು. "ಅದು ಬೇಡ ಮೇಷ್ಟ್ರೇ. ಬೆಳಕು ಬಿದ್ದರೆ ಪ್ಲೇಟು ಹೋಗುತ್ತೆ. ಬೇರೆ ಏನಾದರೂ ನೋಡಿ," ಎಂದರು. ಕಣ್ಣಲ್ಲಿ ನೀರಿತ್ತು. ಆದರೆ ಬಟ್ಟೆ ಕೊಡಲಿಲ್ಲ. ನಾನು ನನ್ನ ಪಂಚೆ ಹರಿದೆ.

ಗಾಡಿಯಲ್ಲಿ ಸಿರಾದ ಆಸ್ಪತ್ರೆಗೆ ಹೊರಟೆವು. ದಾರಿ ಪೂರ್ತಿ ಕಲ್ಲು. ಕರಿಯಮ್ಮನ ತೊಡೆಯ ಮೇಲೆ ಅವನ ತಲೆ. ಪ್ರತಿ ಕುಲುಕಿಗೂ ಅವನು ಹೊರಡಿಸಿದ ಸದ್ದು ಮನುಷ್ಯರದ್ದಾಗಿರಲಿಲ್ಲ. ಎದುರಿಗೆ ಅವರು ಕೂತಿದ್ದರು, ಪ್ಲೇಟಿನ ಪೆಟ್ಟಿಗೆಯನ್ನು ಕುಲುಕದಂತೆ ಎರಡೂ ಕೈಯಲ್ಲಿ ತೊಡೆಯ ಮೇಲೆ ಎತ್ತಿ ಹಿಡಿದು. ಗಾಡಿ ಹಾರಿದಾಗ ಪೆಟ್ಟಿಗೆ ಹಾರಲಿಲ್ಲ.

ಅವನು ಬದುಕಿದ. ವೈದ್ಯರು ಉಳಿದದ್ದನ್ನು ಹೊಲಿದರು. ನಾಲಿಗೆಯ ಒಂದು ಪಾಲು ಹೋಗಿತ್ತು. ಅವನು ಈಗ ಆಡುವ ಮಾತು ಅವನ ಅಕ್ಕನೊಬ್ಬಳಿಗೇ ತಿಳಿಯುವುದು.

ಒಂದು ವಾರದ ಮೇಲೆ ಸ್ಟುಡಿಯೋಕ್ಕೆ ಹೋಗಿ ಕೇಳಿದೆ. "ನಿಜ ಹೇಳಿ. ಅವರು ಏನು ತಿಳಕೊಂಡಿದ್ದಾರೆ ಅಂತ ನಿಮಗೆ ಗೊತ್ತಿತ್ತೋ ಇಲ್ಲವೋ?"

ಅವರು ಪಟವನ್ನು ನೀರಿನಲ್ಲಿ ಆಡಿಸುತ್ತಿದ್ದರು. ತಲೆ ಎತ್ತಲಿಲ್ಲ. "ನಾನು ಒಂದು ಸುಳ್ಳು ಹೇಳಿದ್ದರೆ ತೋರಿಸಿ. ಹಿಡೀತೀನಿ ಅಂದೆ, ಹಿಡಿದೆ. ಬೆಂಗಳೂರಿಗೆ ಅಂದೆ, ಅಲ್ಲಿಗೇ ಹೋಗುತ್ತೆ. ಅವರು ಬೇರೆ ಏನೋ ತಿಳಕೊಂಡರೆ ನನ್ನ ತಪ್ಪೇ?"

"ಬಿಡಿಸಿ ಹೇಳಬಹುದಿತ್ತಲ್ಲ?"

"ಬಿಡಿಸಿ ಹೇಳಿದ್ದರೆ ಬರುತ್ತಿದ್ದರೇ ಮೇಷ್ಟ್ರೇ? ಯಾರಾದರೂ ಬರೀ ಪಟಕ್ಕೆ ತಮಟೆ ಬಡೀತಾರಾ?"

ಗೊತ್ತಿತ್ತು. ಇದಕ್ಕಿಂತ ಸ್ಪಷ್ಟವಾಗಿ ಯಾರು ಒಪ್ಪಿಕೊಳ್ಳುತ್ತಾರೆ? ನಾನು ಅಲ್ಲಿಂದ ಎದ್ದು ಬಂದವನು ಮತ್ತೆ ಆ ಮೆಟ್ಟಿಲು ಹತ್ತಲಿಲ್ಲ. ಸಿಕ್ಕ ಸಿಕ್ಕವರಿಗೆಲ್ಲ ನಡೆದದ್ದು ಹೇಳಿದೆ. "ಬಿಡಿ ಮೇಷ್ಟ್ರೇ, ದೊಡ್ಡ ಕೆಲಸ ಮಾಡುವಾಗ ಒಂದೊಂದು ಹಾಗಾಗುತ್ತೆ," ಎಂದರು ಕೆಲವರು. ನನಗೆ ಅವರ ಮೇಲೆ ಹೊಟ್ಟೆಕಿಚ್ಚು ಎಂದರು ಕೆಲವರು.

ಆ ವರ್ಷ ಬಹುಮಾನ ಬಂತು. ಬೆಂಗಳೂರಿಗೆ ಹೋಗಿ ನಾನೂ ನೋಡಿದೆ. ನೋಡದೆ ಬಯ್ಯಬಾರದೆಂದು ಹೋದೆ. ಗೋಡೆಯ ಉದ್ದಕ್ಕೂ ಪಟಗಳು: ಮಂಜಿನಲ್ಲಿ ನಿಂತ ಆನೆಗಳ ಹಿಂಡು, ಮರಿಯ ಬಾಯಿಗೆ ಹುಳು ಇಡುವ ಗೀಜಗ, ಮಿಂಚಿನಲ್ಲಿ ಕಂಡ ಒಂಟಿ ಆಲದ ಮರ, ಹೆಡೆ ಎತ್ತಿದ ನಾಗರದ ಕಣ್ಣಿನಲ್ಲಿ ಹೊಳೆದ ಚುಕ್ಕೆಯಷ್ಟು ಆಕಾಶ. ಎಲ್ಲದರ ನಡುವೆ ದೊಡ್ಡ ಚೌಕಟ್ಟಿನಲ್ಲಿ ನಮ್ಮ ಕರಡಿ. ಜನ ಅದರ ಮುಂದೆ ಬಂದು ನಿಜವಾಗಿಯೂ ಒಂದು ಹೆಜ್ಜೆ ಹಿಂದೆ ಇಡುತ್ತಿದ್ದರು. ನನಗೂ ಎದೆ ಝಲ್ಲೆಂದಿತು. ಆ ಜನಕ್ಕೆ ಆದ ಕಾರಣಕ್ಕಲ್ಲ. ಅವರು ಪೇಟ ಸುತ್ತಿಕೊಂಡು ಪಕ್ಕದಲ್ಲೇ ನಿಂತು ಕಥೆ ಹೇಳುತ್ತಿದ್ದರು. ಒಬ್ಬ ಗೊಲ್ಲ ಪಟ ಎಂದರೇನೆಂದು ತಿಳಿಯದೆ ಹಗ್ಗ ಹಿಡಿದು ಕರಡಿ ಕಟ್ಟಲು ಬಂದ ಕಥೆ. ಯಾರೋ ಅದನ್ನು ಇಂಗ್ಲಿಷಿನಲ್ಲಿ ಹೇಳಿದರು. ಒಬ್ಬ ಸಾಹೇಬ ಕರವಸ್ತ್ರದಿಂದ ಕಣ್ಣೊರಸಿಕೊಂಡು ನಕ್ಕ. ತಾವು ಏನು ಕೂಗಿದ್ದೆವೆಂದು ಮಾತ್ರ ಅವರು ಹೇಳಲಿಲ್ಲ. ನಾನು ಮುಂದೆ ಹೋಗಿ ಹೇಳಿದೆ. ಹೇಳಿ ಮುಗಿಸುವ ಮೊದಲೇ ಇಬ್ಬರು ನನ್ನನ್ನು ಬಾಗಿಲವರೆಗೆ ಮರ್ಯಾದೆಯಿಂದ ಕಳಿಸಿಕೊಟ್ಟರು.

ಆಮೇಲೆ ಯುದ್ಧ ಬಂತು. ಪ್ಲೇಟು ಸಿಗದಾಯಿತು. ಅವರು ಬೆಟ್ಟಗಳಿಗೆ ಹೋಗುವುದನ್ನು ನಿಲ್ಲಿಸಿ ಹಂಸಗಳ ಮುಂದೆಯೇ ಮುದುಕರಾದರು. ಆ ಕಥೆಯನ್ನು ಮಾತ್ರ ನಿಲ್ಲಿಸಲಿಲ್ಲ. ಸ್ಟುಡಿಯೋಕ್ಕೆ ಬಂದ ಮಕ್ಕಳು ಅತ್ತರೆ ಅದನ್ನೇ ಹೇಳಿ ನಗಿಸುತ್ತಿದ್ದರಂತೆ. ಹೀಗೆ ಅದು ಇಡೀ ಸೀಮೆಗೆ ಹರಡಿತು. ಯಾರಾದರೂ ಪೆದ್ದು ಕೆಲಸ ಮಾಡಿದರೆ "ಹಗ್ಗ ತಗಂಡ್ ಬಂದ್ಯೇನ್ಲಾ?" ಎಂದು ಕೇಳುವಷ್ಟು. ಜುಂಜಣ್ಣನಿಗೆ ಹೆಣ್ಣು ಕೊಡಲು ಬಂದವರು ಮುಖ ನೋಡಿಯೂ ಒಪ್ಪುವಂತಿದ್ದರಂತೆ. ಅವನೇ ಆ ಹಗ್ಗದವನೆಂದು ತಿಳಿದು ಎದ್ದುಹೋದರಂತೆ.

ಮೊನ್ನೆ ವಾಚನಾಲಯದಲ್ಲಿ ಸಂತಾಪ ಸಭೆ ಸೇರಿತು. ಕರಡಿಯ ಪಟಕ್ಕೆ ಮಲ್ಲಿಗೆ ಹಾರ ಹಾಕಿ ಮೇಜಿನ ಮೇಲೆ ಒರಗಿಸಿದ್ದರು. ನಾನು ಹಿಂದಿನ ಬೆಂಚಿನಲ್ಲಿ ಕೂತೆ. ಅಧ್ಯಕ್ಷತೆ ವಹಿಸಿದ್ದ ವಕೀಲರು ಗುಣಗಾನ ಮಾಡುತ್ತ ಮಾಡುತ್ತ ಅಲ್ಲಿಗೇ ಬಂದರು. "ಇವರು ಪ್ರಾಣದ ಹಂಗು ತೊರೆದು ನಿಂತಿದ್ದಾಗ, ನಮ್ಮ ಗೊಲ್ಲ ಮಹಾಶಯ ಹಗ್ಗ ತಂದನಂತೆ, ಕರಡಿಗೆ ಮೂಗುದಾರ ಹಾಕಲು!" ಎಂದರು. ಸತ್ತವರ ಸಭೆಯಲ್ಲಿ ಜನ ನಕ್ಕರು.

"ಯಾಕ್ರಪ್ಪಾ ನಗ್ತೀರಾ?"

ಬಾಗಿಲಲ್ಲಿ ಕರಿಯಮ್ಮ ನಿಂತಿದ್ದಳು. ಸಂತೆಗೆ ಕುರಿ ಹೊಡೆದುಕೊಂಡು ಬಂದವಳು, ಯಾರಿಂದಲೋ ಸುದ್ದಿ ಕೇಳಿ ಬಂದಿದ್ದಳು. ಹಿಂದೆ ಜುಂಜಣ್ಣ, ರುಮಾಲಿನ ಸೆರಗನ್ನು ಮುಖಕ್ಕೆ ಎಳೆದುಕೊಂಡು.

"ಯಾರಮ್ಮ ನೀನು?" ಎಂದರು ವಕೀಲರು.

"ಹಗ್ಗದೋನ ಅಕ್ಕ."

ನಗು ನಿಂತಿತು.

"ಹಿಡ್ದೆ ಅಂತ ಕೂಗಿದ್ ಯಾರು? ಇವ್ನಾ? ಹಿಡ್ದೆ, ಹಿಡ್ದ್ಬುಟ್ಟೆ ಅಂತ ಕೂಗುದ್ರೆ ಯಾವೋನಾದ್ರೂ ಏನ್ ತಿಳ್ಕಂತಾನೆ? ನೀವೇ ಯೋಳ್ರಿ, ಓದ್ದೋರು. ಅಗೋ, ಆ ಮೇಷ್ಟ್ರು ಇದ್ರು. ಅವ್ರುನ್ನೇ ಕೇಳ್ರಿ, ಕೂಗುದ್ರೋ ಇಲ್ವೋ."

ಎಲ್ಲರೂ ನನ್ನ ಕಡೆ ತಿರುಗಿದರು. ಎದ್ದು ನಿಂತು ಹೇಳಿದೆ. ಹಟ್ಟಿಯಲ್ಲಿ ಆಡಿದ ಮಾತಿನಿಂದ ಹಿಡಿದು, ತಮಟೆ ಯಾಕೆ ನಿಂತಿತು, ಅವನು ಯಾಕೆ ಇಳಿದ ಎನ್ನುವವರೆಗೆ ಹೇಳಿದೆ. ಬಿಡಿಸಿ ಹೇಳಿದ್ದರೆ ಬರುತ್ತಿದ್ದರೇ ಎಂದು ಅವರೇ ಕೇಳಿದ್ದನ್ನೂ ಹೇಳಿದೆ.

"ಸತ್ತವರ ವಿಷಯದಲ್ಲಿ ಈಗ ಇಂಥ ಮಾತು ಬೇಕಾಗಿತ್ತೇ ಮೇಷ್ಟ್ರೇ?" ಎಂದರು ವಕೀಲರು.

"ಬದುಕಿರುವವನ ವಿಷಯದಲ್ಲಿ ಆ ನಗು ಬೇಕಾಗಿತ್ತೇ ಸ್ವಾಮಿ?" ಎಂದೆ.

ಅಷ್ಟರಲ್ಲಿ ಜುಂಜಣ್ಣ ಬೆಂಚುಗಳ ನಡುವೆ ನಡೆದು ಬಂದ. ಅವನು ಆ ಪಟವನ್ನು ಅದುವರೆಗೆ ಕಂಡಿರಲಿಲ್ಲ, ಯಾರೂ ತೋರಿಸಿರಲಿಲ್ಲ. ಮೇಜಿನ ಮುಂದೆ ನಿಂತು, ಸರಿಯಾಗಿ ಕಾಣಲೆಂದು ಮುಖದ ಮೇಲಿನ ಬಟ್ಟೆ ಸರಿಸಿದ. ಮುಂದಿನ ಸಾಲಿನವರು ತಲೆ ತಗ್ಗಿಸಿದರು. ಅವನು ಹಾರವನ್ನು ಒಂದು ಬೆರಳಿನಿಂದ ಪಕ್ಕಕ್ಕೆ ಸರಿಸಿ, ಉಳಿದ ಒಂದು ಕಣ್ಣಿನಿಂದ ಕರಡಿಯನ್ನು ಮೇಲಿನಿಂದ ಕೆಳಗೆ ನೋಡಿದ. ಆಮೇಲೆ ಏನೋ ಹೇಳಿದ.

"ಏನಂತೆ?" ಎಂದು ಯಾರೋ ಪಿಸುದನಿಯಲ್ಲಿ ಕೇಳಿದರು.

ಕರಿಯಮ್ಮ ಪಟದಿಂದ ಮುಖ ತಿರುಗಿಸಿಕೊಂಡಳು. ಅವನು ಅವಳ ಕಡೆ ತಿರುಗಿ ಅದನ್ನೇ ಇನ್ನೊಮ್ಮೆ ಹೇಳಿದ.

"ಪಟ ಬೋ ಚೆಂದಾಗೈತಂತೆ," ಎಂದಳು, ಉಗುಳುವ ಹಾಗೆ. ಬಂದು ಅವನ ರಟ್ಟೆ ಹಿಡಿದಳು. "ಚೆಂದಾಗೈತಂತೆ! ನಿನ್ ಮಕ ಅದ್ಕಿಂತ ಚೆಂದಾಗಿತ್ತು ಕಣ್ಲಾ."